ಜಜ್ಜಿಹೋದ ಕಾರಿನ ಆರ್‌ಸಿ ರದ್ದು ಮಾಡಿಸಿ ಸ್ಕ್ರ್ಯಾಪ್‌ಗೆ ಕೊಡೋದು ಹೇಗೆ: ಯಾವ ಪೇಪರ್ ಮೊದಲು, ಯಾವುದು ಆಮೇಲೆ

ಈ ಕೆಲಸದಲ್ಲಿ ಜನ ಎಡವೋದು ಹೆಚ್ಚುಕಮ್ಮಿ ಒಂದೇ ಜಾಗದಲ್ಲಿ. ಕಾರು ಆಕ್ಸಿಡೆಂಟಲ್ಲಿ ಜಜ್ಜಿಹೋಗಿರುತ್ತೆ, ಗ್ಯಾರೇಜಿನವರು ಆಗಾಗ ಫೋನ್ ಮಾಡಿ ಪಾರ್ಕಿಂಗ್ ಚಾರ್ಜ್ ಬೀಳ್ತಾ ಇದೆ ಅಂತಾರೆ, ಮನೆಯವರಿಗೆ ಆ ಗಾಡಿ ಮುಖ ನೋಡೋಕೂ ಮನಸ್ಸಿರಲ್ಲ, ಹಾಗಾಗಿ ಮೊದಲ ಫೋನ್ ಹೋಗೋದೇ ಗುಜರಿಯವರಿಗೆ. ಅವರು ಬಂದು ಟೋ ಮಾಡ್ಕೊಂಡು ಹೋಗ್ತಾರೆ, ಕೈಗೆ ಒಂದಿಷ್ಟು ನೋಟು ಬರುತ್ತೆ, ಪೇಪರ್ ಆಮೇಲೆ ನೋಡ್ಕೊಂಡ್ರಾಯ್ತು ಅನ್ಕೊಳ್ತೀವಿ. ಮುಂದೆ ಆರ್‌ಟಿಒದಲ್ಲಿ ಚಾಸಿ ಎಲ್ಲಿ ಅಂತ ಕೇಳ್ತಾರೆ, ಇನ್ಶೂರೆನ್ಸ್‌ನವರು ಗಾಡಿ ಎಲ್ಲಿ ಅಂತ ಕೇಳ್ತಾರೆ, ಬ್ಯಾಂಕ್‌ನವರು ನಮ್ಮನ್ನ ಕೇಳದೆ ಹೇಗೆ ಕೊಟ್ರಿ ಅಂತಾರೆ. ಗಾಡಿ ಆಗ್ಲೇ ನಾಲ್ಕು ಭಾಗ ಆಗಿ ನಾಲ್ಕು ಕಡೆ ಹೋಗಿರುತ್ತೆ.

ಅದಕ್ಕೇ ಒಂದು ಮಾತು ಮೊದಲೇ ಹೇಳ್ತೀನಿ: ಈ ಕೆಲಸದಲ್ಲಿ ಗಾಡಿ ಎಲ್ಲಕ್ಕಿಂತ ತಡವಾಗಿ ಕೈಬಿಡ್ಬೇಕು. ಪೊಲೀಸ್, ಇನ್ಶೂರೆನ್ಸ್, ಬ್ಯಾಂಕ್, ಬಾಕಿ ದಂಡ, ಇಷ್ಟೂ ಮುಗಿದ ಮೇಲೆ ಸ್ಕ್ರ್ಯಾಪ್, ಅದರ ಸರ್ಟಿಫಿಕೇಟ್ ಹಿಡ್ಕೊಂಡು ಆರ್‌ಸಿ ರದ್ದು, ರದ್ದಾದ ಮೇಲೆ ರೀಫಂಡ್‌ಗಳು. ಕೆಳಗೆ ಬರೆದಿರೋದು ಕರ್ನಾಟಕದಲ್ಲಿ ರಿಜಿಸ್ಟರ್ ಆಗಿರೋ ಖಾಸಗಿ ಕಾರಿಗೆ, ಅಂದ್ರೆ ಬಿಳಿ ಬೋರ್ಡಿಗೆ. ಹಳದಿ ಬೋರ್ಡಾದ್ರೆ ಪರ್ಮಿಟ್, ಎಫ್‌ಸಿ, ಕ್ವಾರ್ಟರ್ ಟ್ಯಾಕ್ಸ್ ಅಂತ ಇನ್ನೂ ನಾಲ್ಕು ಪೇಪರ್ ಸೇರ್ಕೊಳ್ಳುತ್ತೆ.

## ಶುರು ಮಾಡೋಕೆ ಮುಂಚೆ ಕೈಯಲ್ಲಿ ಇರ್ಬೇಕಾದ್ದು

ಒರಿಜಿನಲ್ ಆರ್‌ಸಿ (ಕಾರ್ಡ್ ಆಗಲಿ ಹಳೇ ಪುಸ್ತಕ ಆಗಲಿ), ಇನ್ಶೂರೆನ್ಸ್ ಪಾಲಿಸಿ, ಆಕ್ಸಿಡೆಂಟ್ ಆದಾಗ ಗಾಡಿ ಓಡಿಸ್ತಿದ್ದವರ ಡಿಎಲ್, ಓನರ್‌ದು ಆಧಾರ್ ಮತ್ತು ಪ್ಯಾನ್, ಕ್ಯಾನ್ಸಲ್ ಮಾಡಿದ ಚೆಕ್, ಗಾಡಿಯ ಎರಡೂ ಕೀ. ಲೋನ್ ಇದ್ರೆ ಲೋನ್ ಸ್ಟೇಟ್‌ಮೆಂಟ್. ಎಲ್ಲದರದ್ದೂ ಎರಡು ಸೆಟ್ ಜೆರಾಕ್ಸ್ ಮಾಡಿಸಿಟ್ಕೊಳ್ಳಿ, ಮೊಬೈಲಲ್ಲಿ ಸ್ಕ್ಯಾನ್ ಮಾಡಿ ಒಂದೇ ಫೋಲ್ಡರಲ್ಲಿ ಹಾಕಿ.

ಇವೆಲ್ಲಕ್ಕಿಂತ ಮುಖ್ಯವಾಗಿ, ವಾಹನ್ ಡೇಟಾಬೇಸಲ್ಲಿ (ಸರ್ಕಾರದ ಗಾಡಿ ನೋಂದಣಿ ದಾಖಲೆ) ನಿಮ್ಮ ಗಾಡಿಗೆ ಯಾವ ಮೊಬೈಲ್ ನಂಬರ್ ಲಿಂಕ್ ಆಗಿದೆ ನೋಡಿ. ಕಾರು ತಗೊಂಡಾಗ ಎಷ್ಟೋ ಸಲ ಶೋರೂಮಿನವರು ಅವರದ್ದೇ ಯಾವುದೋ ನಂಬರ್ ಹಾಕಿಬಿಟ್ಟಿರ್ತಾರೆ, ಇಲ್ಲಾಂದ್ರೆ ನೀವೇ ಯಾವತ್ತೋ ಬಿಟ್ಟ ಹಳೇ ಸಿಮ್ ಇರುತ್ತೆ. ಆರ್‌ಟಿಒ ಕೆಲಸಗಳ ಪರಿವಾಹನ್ ಪೋರ್ಟಲಲ್ಲಿ ಮುಂದೆ ಏನೇ ಮಾಡೋಕೆ ಹೋದ್ರೂ ಒಟಿಪಿ ಆ ನಂಬರಿಗೇ ಹೋಗೋದು. ಮೊದಲ ದಿನಾನೇ ಮೊಬೈಲ್ ನಂಬರ್ ಅಪ್‌ಡೇಟ್ ಮಾಡ್ಕೊಳ್ಳಿ, ಅದಕ್ಕೆ ಚಾಸಿ ನಂಬರ್, ಎಂಜಿನ್ ನಂಬರ್, ರಿಜಿಸ್ಟ್ರೇಶನ್ ದಿನಾಂಕ ಬೇಕಾಗುತ್ತೆ. ಆರ್‌ಸಿಯಲ್ಲಿರೋ ಹೆಸರಿಗೂ ಆಧಾರಲ್ಲಿರೋ ಹೆಸರಿಗೂ ಇನಿಷಿಯಲ್ ವ್ಯತ್ಯಾಸ ಇದ್ರೆ ಆಧಾರ್ ಮೇಲೆ ನಡೆಯೋ ಆನ್‌ಲೈನ್ ದಾರಿ ಅಲ್ಲೇ ನಿಂತುಬಿಡುತ್ತೆ, ಅಂಥವರು ಕೌಂಟರಿಗೇ ಹೋಗ್ಬೇಕು ಅಂತ ಮೊದಲೇ ಲೆಕ್ಕ ಹಾಕ್ಕೊಂಡಿರಿ.

ಆರ್‌ಸಿ ಗಾಡಿಯೊಳಗೇ ಇತ್ತು, ಆಕ್ಸಿಡೆಂಟಲ್ಲಿ ಎಲ್ಲೋ ಹೋಯ್ತು ಅನ್ನೋರು ತುಂಬ ಜನ. ಕರ್ನಾಟಕ ಪೊಲೀಸ್‌ನ ಇ-ಲಾಸ್ಟ್‌ನಲ್ಲಿ ಕಳೆದುಹೋಗಿದೆ ಅಂತ ರಿಪೋರ್ಟ್ ಮಾಡಿ, ಆ ಸ್ವೀಕೃತಿ ಇಟ್ಕೊಂಡು ಫಾರಂ 26ರಲ್ಲಿ ಡೂಪ್ಲಿಕೇಟ್ ಆರ್‌ಸಿಗೆ ಅರ್ಜಿ ಹಾಕಿ. ಇದನ್ನ ಕೊನೇಗೆ ಇಟ್ಕೋಬೇಡಿ, ಇದೊಂದೇ ವಾರಗಟ್ಟಲೆ ಎಳೆಯುತ್ತೆ.

## ಹಂತ 1: ಗಾಡಿ ಫೋಟೋ, ಚಾಸಿ ಪ್ರಿಂಟ್

ಗಾಡಿ ಗ್ಯಾರೇಜಲ್ಲಿರಲಿ ಠಾಣೆ ಮುಂದೆ ಇರಲಿ, ಹೋಗಿ ನಾಲ್ಕೂ ಕಡೆಯಿಂದ ಫೋಟೋ ತೆಗೀರಿ, ನಂಬರ್ ಪ್ಲೇಟ್ ಕಾಣೋ ಹಾಗೆ. ಓಡೋಮೀಟರ್ ಆನ್ ಆಗುತ್ತೆ ಅಂದ್ರೆ ಅದರದ್ದೂ ಒಂದು. ಬಾನೆಟ್, ಡೋರ್, ಡಿಕ್ಕಿ ತೆಗೆಯೋಕೆ ಬಂದ್ರೆ ಒಳಗೆ ಬ್ಯಾಟರಿ ಇದೆ, ಇಸಿಎಂ (ಎಂಜಿನ್ ಕಂಪ್ಯೂಟರ್) ಇದೆ, ಸ್ಟೀರಿಯೋ ಇದೆ, ಸ್ಟೆಪ್ನಿ ಇದೆ ಅಂತ ವಿಡಿಯೋ ಮಾಡಿಟ್ಕೊಳ್ಳಿ. ನಿಂತ ಗಾಡಿಯಿಂದ ಸಾಮಾನು ಮಾಯ ಆಗೋದು ಹೊಸದಲ್ಲ, ಆಮೇಲೆ ಸಾಲ್ವೇಜ್ ರೇಟ್ (ಜಜ್ಜಿದ ಗಾಡಿಯ ಗುಜರಿ ಬೆಲೆ) ಕಮ್ಮಿ ಬಂದಾಗ ನಿಮ್ಮ ಹತ್ರ ಪ್ರೂಫ್ ಇರ್ಬೇಕು.

ಈಗ ಚಾಸಿ ಪ್ರಿಂಟ್. ಚಾಸಿ ನಂಬರ್ 17 ಅಕ್ಷರ-ಅಂಕಿ ಇರುತ್ತೆ, ಕೆಲವು ಕಾರಲ್ಲಿ ಎಂಜಿನ್ ಹಿಂದಿನ ತಗಡಿನ ಗೋಡೆ ಮೇಲೆ ಕೆತ್ತಿರ್ತಾರೆ, ಕೆಲವದರಲ್ಲಿ ಮುಂದಿನ ಸೀಟಿನ ಕೆಳಗೆ ಕಾರ್ಪೆಟ್ ಎತ್ತಿದ್ರೆ ಸಿಗುತ್ತೆ. ಬಟ್ಟೆಗೆ ಸ್ವಲ್ಪ ಪೆಟ್ರೋಲ್ ಹಾಕಿ ಜಾಗ ಚೆನ್ನಾಗಿ ಒರೆಸಿ, ಪೂರ್ತಿ ಒಣಗಲಿ, ತೆಳು ಬಿಳಿ ಹಾಳೆ ಇಟ್ಟು ಎರಡೂ ತುದಿಗೆ ಸೆಲ್ಲೋಟೇಪ್ ಹಾಕಿ ಅಲುಗಾಡದ ಹಾಗೆ ಮಾಡಿ, ಪೆನ್ಸಿಲನ್ನ ಮಲಗಿಸಿ ಒಂದೇ ದಿಕ್ಕಿಗೆ ಉಜ್ಜಿ. ಹಿಂದೆ ಮುಂದೆ ಉಜ್ಜಿದ್ರೆ ಅಕ್ಷರ ಎರಡೆರಡಾಗಿ ಕಾಣುತ್ತೆ. ನಾಲ್ಕೈದು ಪ್ರಿಂಟ್ ತೆಗೆದಿಡಿ, ಇನ್ಶೂರೆನ್ಸ್‌ನವರೂ ಕೇಳ್ತಾರೆ, ಆರ್‌ಟಿಒದವರೂ ಕೇಳ್ತಾರೆ. ಓದೋವಾಗ ಒಂದು ನೆನಪಿರಲಿ, ಆ 17ರಲ್ಲಿ ಇಂಗ್ಲಿಷ್ ಐ, ಒ, ಕ್ಯೂ ಅಕ್ಷರಗಳು ಇರೋದೇ ಇಲ್ಲ, ದುಂಡಗೆ ಕಂಡ್ರೆ ಅದು ಸೊನ್ನೆ, ಕಡ್ಡಿ ಥರ ಕಂಡ್ರೆ ಅದು ಒಂದು. ಪೋರ್ಟಲಲ್ಲಿ ಡೇಟಾ ಮ್ಯಾಚ್ ಆಗ್ತಿಲ್ಲ ಅಂತ ಬರೋ ದೂರುಗಳಲ್ಲಿ ಸುಮಾರು ಇದೇ ಆಗಿರುತ್ತೆ.

ಬೆಂಕಿ ಬಿದ್ದೋ ಮುಂಭಾಗ ಪೂರ್ತಿ ಒಳಗೆ ಹೋಗಿಯೋ ನಂಬರ್ ಓದೋಕೆ ಆಗದೆ ಇದ್ರೆ ನೀವೇ ಏನೂ ಕೆರೆಯೋಕೆ, ಬಡಿಯೋಕೆ ಹೋಗ್ಬೇಡಿ. ಚಾಸಿ ನಂಬರ್ ತಿದ್ದಿದ ಹಾಗೆ ಕಂಡ್ರೆ ಅದು ಬೇರೇನೇ ಕೇಸ್ ಆಗುತ್ತೆ. ಇದ್ದ ಸ್ಥಿತೀಲೇ ಇನ್ಶೂರೆನ್ಸ್ ಸರ್ವೇಯರಿಗೆ, ಆರ್‌ಟಿಒ ಇನ್‌ಸ್ಪೆಕ್ಟರಿಗೆ ತೋರಿಸಿ ಅವರ ರಿಪೋರ್ಟಲ್ಲಿ ಬರೆಸಿ.

## ಹಂತ 2: ಪೊಲೀಸ್ ಕೇಸ್ ಇದ್ಯಾ, ಇದ್ರೆ ಎಲ್ಲಿಗೆ ಬಂದಿದೆ

ಬರೀ ಡಿವೈಡರಿಗೆ ಹೊಡೆದು ಯಾರಿಗೂ ಏಟಾಗಿಲ್ಲ, ಎಫ್‌ಐಆರ್ ಆಗಿಲ್ಲ ಅಂದ್ರೆ ಈ ಹಂತ ದಾಟಿ ಮುಂದೆ ಹೋಗಿ.

ಎಫ್‌ಐಆರ್ ಆಗಿದ್ರೆ ಗಾಡಿ ಕೇಸಿನ ಆಸ್ತಿ. ಬ್ರೇಕ್ ಇನ್‌ಸ್ಪೆಕ್ಟರ್ (ಆರ್‌ಟಿಒದ ಮೋಟಾರು ವಾಹನ ನಿರೀಕ್ಷಕರು) ಬಂದು ನೋಡಿ ಐಎಂವಿ ರಿಪೋರ್ಟ್, ಅಂದ್ರೆ ಗಾಡಿ ತಪಾಸಣೆ ವರದಿ, ಕೊಡೋ ತನಕ ಮುಟ್ಟೋ ಹಾಗಿಲ್ಲ. ಆಮೇಲೆ ಕೋರ್ಟಿಗೆ ಅರ್ಜಿ ಹಾಕಿ ಗಾಡಿ ಬಿಡಿಸ್ಕೊಳ್ತೀರಿ, ಮೊದಲು ಅದು ಸಿಆರ್‌ಪಿಸಿ (ಹಳೇ ಅಪರಾಧ ಪ್ರಕ್ರಿಯಾ ಕಾನೂನು) ಸೆಕ್ಷನ್ 451ರಲ್ಲಿತ್ತು, 2024ರ ಜುಲೈ 1ರಿಂದ ಅದರ ಜಾಗಕ್ಕೆ ಬಂದ ಬಿಎನ್‌ಎಸ್‌ಎಸ್‌ನ ಸೆಕ್ಷನ್ 497. ಎಲ್ಲರೂ ತಪ್ಪು ತಿಳ್ಕೊಳ್ಳೋದು ಇಲ್ಲೇ. ಕೋರ್ಟ್ ಗಾಡಿ ಬಿಟ್ಟುಕೊಡೋದು ಮಧ್ಯಂತರ ವಶಕ್ಕೆ, ಬಾಂಡ್ ಬರೆಸ್ಕೊಂಡು, ಮತ್ತೆ ಸಾಮಾನ್ಯವಾಗಿ ಆ ಆರ್ಡರಲ್ಲೇ ಒಂದು ಸಾಲು ಇರುತ್ತೆ, ಕೇಸ್ ಮುಗಿಯೋ ತನಕ ಗಾಡಿ ಮಾರ್ಬಾರ್ದು, ರೂಪ ಬದಲಾಯಿಸ್ಬಾರ್ದು, ಕರೆದಾಗ ತಂದು ಹಾಜರು ಮಾಡ್ಬೇಕು ಅಂತ. ಸ್ಕ್ರ್ಯಾಪ್ ಮಾಡಿಸೋದು ಅಂದ್ರೆ ಇವು ಮೂರನ್ನೂ ಒಟ್ಟಿಗೇ ಮುರಿದ ಹಾಗೆ. ಠಾಣೆಯಿಂದ ಗಾಡಿ ಬಂತಲ್ಲ, ಇನ್ನೇನು ಅಂತ ಸ್ಕ್ರ್ಯಾಪಿಗೆ ಕೊಟ್ಟುಬಿಟ್ರೆ ಬಾಂಡ್ ಹಣಕ್ಕೆ ಕುತ್ತು.

ಪರಿಹಾರ ಕಷ್ಟ ಏನಿಲ್ಲ, ಅದೇ ವಕೀಲರ ಹತ್ರ ಇನ್ನೊಂದು ಅರ್ಜಿ ಹಾಕ್ಸಿ, ಗಾಡಿ ರಿಪೇರಿಗೆ ಬರಲ್ಲ, ಇನ್ಶೂರೆನ್ಸ್ ಟೋಟಲ್ ಲಾಸ್ ಅಂತ ಹೇಳಿದೆ, ಫೋಟೋ ಮತ್ತು ಮಹಜರು ದಾಖಲೆಗೆ ತಗೊಂಡು ವಿಲೇವಾರಿಗೆ ಅನುಮತಿ ಕೊಡಿ ಅಂತ. ಆ ಆರ್ಡರಿನ ಸರ್ಟಿಫೈಡ್ ಕಾಪಿ ಮೂರು ತಗೊಳ್ಳಿ. ಮೊದಲ ಅರ್ಜಿಯಲ್ಲೇ ಇದನ್ನೂ ಕೇಳ್ಬಿಟ್ರೆ ಇನ್ನೂ ಒಳ್ಳೇದು, ವಕೀಲರಿಗೆ ನೀವೇ ನೆನಪು ಮಾಡಿ.

## ಹಂತ 3: ಇನ್ಶೂರೆನ್ಸ್ ಕ್ಲೈಮ್ ಮುಗಿಸೋದು

ಬರೀ ಥರ್ಡ್ ಪಾರ್ಟಿ ಪಾಲಿಸಿ ಇದ್ರೆ ನಿಮ್ಮ ಗಾಡಿಗೆ ಒಂದು ರೂಪಾಯಿನೂ ಬರಲ್ಲ, ಸೀದಾ ಹಂತ 4. ಫುಲ್ ಇನ್ಶೂರೆನ್ಸ್ ಇದ್ರೆ ಮಾತ್ರ ಇದನ್ನ ನಿಧಾನಕ್ಕೆ ಓದಿ.

ರಿಪೇರಿ ಖರ್ಚು, ಗಾಡಿ ಎತ್ತಿ ತರೋ ಖರ್ಚು ಎರಡೂ ಸೇರಿ ಐಡಿವಿಯ 75 ಪರ್ಸೆಂಟ್ ದಾಟಿದ್ರೆ ಅದನ್ನ ಟೋಟಲ್ ಲಾಸ್ ಅಂತ ಪರಿಗಣಿಸ್ತಾರೆ. ಲೆಕ್ಕಕ್ಕೆ ಬರೋದು ಗ್ಯಾರೇಜಿನ ಎಸ್ಟಿಮೇಟ್ ಅಲ್ಲ, ಸರ್ವೇಯರ್ ಒಪ್ಪಿದ ಮೊತ್ತ, ಎರಡಕ್ಕೂ ಅಜಗಜಾಂತರ ಇರಬಹುದು. ಐಡಿವಿ ಅಂದ್ರೆ ಪಾಲಿಸಿ ಮೇಲೆ ಪ್ರಿಂಟ್ ಆಗಿರೋ ಬೆಲೆ, ನೀವು ಕಾರಿಗೆ ಕೊಟ್ಟ ದುಡ್ಡಲ್ಲ. ಕಂಪನಿ ಲಿಸ್ಟ್ ಬೆಲೆಯಿಂದ ಒಂದರಿಂದ ಎರಡು ವರ್ಷದ ಗಾಡಿಗೆ 20 ಪರ್ಸೆಂಟ್, ನಾಲ್ಕರಿಂದ ಐದು ವರ್ಷದ್ದಕ್ಕೆ 50 ಪರ್ಸೆಂಟ್ ಕಳೆದಿರ್ತಾರೆ. ಝೀರೋ ಡೆಪ್ (ಸವಕಳಿ ಕಳೆಯದ ಆಡ್‌ಆನ್) ಇತ್ತಲ್ಲಾ ಅಂತ ಜಗಳ ಆಡೋರಿದ್ದಾರೆ, ಝೀರೋ ಡೆಪ್ ಇರೋದು ಬಿಡಿಭಾಗಕ್ಕೆ, ಟೋಟಲ್ ಲಾಸಲ್ಲಿ ಐಡಿವಿ ಮೇಲೆ ಬರ್ಬೇಕು ಅಂದ್ರೆ ರಿಟರ್ನ್ ಟು ಇನ್‌ವಾಯ್ಸ್ ಅನ್ನೋ ಆಡ್‌ಆನ್ ಇರ್ಬೇಕು.

ಒಂದು ಉದಾಹರಣೆ ನೋಡಿ. ಐಡಿವಿ 4 ಲಕ್ಷ, ಸರ್ವೇಯರ್ ಒಪ್ಪಿದ ರಿಪೇರಿ 3 ಲಕ್ಷದ 40 ಸಾವಿರ. ಗಡಿ 3 ಲಕ್ಷ, ಹಾಗಾಗಿ ಟೋಟಲ್ ಲಾಸ್. ಈಗ ಎರಡು ದಾರಿ ಮುಂದಿಡ್ತಾರೆ. ಮೊದಲನೇದು, ಪೂರ್ತಿ ಐಡಿವಿಯಿಂದ ಕಡ್ಡಾಯ ಕಡಿತ (1500 ಸಿಸಿ ತನಕ 1,000, ಅದರ ಮೇಲೆ 2,000) ಕಳೆದು 3,99,000 ಕೊಡ್ತಾರೆ, ಜಜ್ಜಿದ ಗಾಡಿ ಕಂಪನಿದು. ಎರಡನೇದು ನೆಟ್ ಆಫ್ ಸಾಲ್ವೇಜ್, ಹರಾಜಲ್ಲಿ ಆ ಗುಜರಿಗೆ 90 ಸಾವಿರ ಬಂತು ಅಂತಿಟ್ಕೊಳ್ಳಿ, ಅದನ್ನೂ ಕಳೆದು 3,09,000 ನಿಮಗೆ, ಗಾಡಿ ನಿಮ್ಮ ಹತ್ರಾನೇ, ಅದನ್ನ ಏನು ಮಾಡ್ತೀರೋ ನಿಮಗೆ ಬಿಟ್ಟಿದ್ದು. ಪೂರ್ತಿ ಐಡಿವಿ ತಗೊಂಡು ಗುಜರಿ ದುಡ್ಡೂ ನನಗೇ ಬರ್ಬೇಕು ಅಂದ್ರೆ ಆಗಲ್ಲ.

ನನ್ನ ಅಭಿಪ್ರಾಯ ಕೇಳಿದ್ರೆ ಮೊದಲನೇದೇ ವಾಸಿ. ಎರಡನೇದ್ರಲ್ಲಿ ಆ 90 ಸಾವಿರ ಬಿಡ್ ಹಾಕಿದವನು ಕೊನೆ ಗಳಿಗೆಯಲ್ಲಿ ಕೈಕೊಟ್ರೆ ನಷ್ಟ ನಿಮ್ಮದೇ. ಬೇರೆ ದಾರಿನೇ ಇಲ್ಲ ಅಂದ್ರೆ ಬಿಡ್ ಎಷ್ಟು ದಿನ ಚಾಲ್ತಿಲಿರುತ್ತೆ ಅಂತ ಲಿಖಿತದಲ್ಲಿ ತಗೊಳ್ಳಿ.

ಸೆಟಲ್‌ಮೆಂಟ್ ಲೆಟರ್ ಬರೋ ತನಕ ಆರ್‌ಸಿ ರದ್ದಿಗೆ ಅರ್ಜಿ ಹಾಕ್ಬೇಡಿ, ಗಾಡಿಯಿಂದ ಟೈರ್ ಮ್ಯೂಸಿಕ್ ಸಿಸ್ಟಂ ಏನೂ ಬಿಚ್ಚಿಕೊಳ್ಬೇಡಿ. ಎಷ್ಟೋ ಕಂಪನಿಗಳು ದುಡ್ಡು ಹಾಕೋಕೆ ಮುಂಚೆ ಆರ್‌ಸಿ ರದ್ದಾದ ಪ್ರೂಫ್ ಕೇಳ್ತವೆ, ಆಗ ಮೊತ್ತ ಬರೆದಿರೋ ಒಪ್ಪಿಗೆ ಪತ್ರ ಕೈಗೆ ಬಂದ ಮೇಲೇನೇ ಮುಂದೆ ಹೋಗಿ. ಬಾಯಿಮಾತಲ್ಲಿ ಆಗೋಗುತ್ತೆ ಸಾರ್ ಅಂದಿದ್ದನ್ನ ನಂಬಿ ಆರ್‌ಸಿ ರದ್ದು ಮಾಡಿಸಿದವರಿಗೆ ಆಮೇಲೆ ಚೌಕಾಸಿ ಮಾಡೋಕೆ ಏನೂ ಉಳಿದಿರಲ್ಲ. ವಿನಾಕಾರಣ ಎಳೀತಿದ್ರೆ ಮೊದಲು ಕಂಪನಿಯ ದೂರು ವಿಭಾಗಕ್ಕೆ ಮೇಲ್, ಆಮೇಲೆ ಬಿಮಾ ಭರೋಸಾ ಅನ್ನೋ ಇನ್ಶೂರೆನ್ಸ್ ದೂರು ಪೋರ್ಟಲ್, ಅದಕ್ಕೂ ಜಗ್ಗದಿದ್ರೆ ಬೆಂಗಳೂರಲ್ಲಿರೋ ಇನ್ಶೂರೆನ್ಸ್ ಒಂಬುಡ್ಸ್‌ಮನ್ (ದೂರು ಕೇಳಿ ತೀರ್ಮಾನ ಕೊಡೋ ಅಧಿಕಾರಿ).

ಗ್ಯಾರೇಜಿನ ಪಾರ್ಕಿಂಗ್ ಚಾರ್ಜ್ ವಿಚಾರ: ಟೋಟಲ್ ಲಾಸ್ ಅಂತ ಗೊತ್ತಾದ ದಿನಾನೇ ಈ ಬಾಡಿಗೆ ಯಾರು ಕೊಡ್ತಾರೆ ಅಂತ ಸರ್ವೇಯರಿಗೆ ಮೇಲ್ ಹಾಕಿ. ಮೇಲ್ ಇಲ್ಲ ಅಂದ್ರೆ ಕೊನೇಗೆ ಬಿಲ್ ನಿಮ್ಮ ತಲೆಗೇ.

## ಹಂತ 4: ಲೋನ್ ಮತ್ತು ಎಚ್‌ಪಿ (ಆರ್‌ಸಿ ಮೇಲಿರೋ ಬ್ಯಾಂಕಿನ ಹೆಸರು)

ಆರ್‌ಸಿ ಮೇಲೆ ಬ್ಯಾಂಕಿನ ಹೆಸರು ಇರೋ ತನಕ ರದ್ದೂ ಆಗಲ್ಲ, ಸ್ಕ್ರ್ಯಾಪೂ ಆಗಲ್ಲ. ಇನ್ಶೂರೆನ್ಸ್ ದುಡ್ಡು ಮೊದಲು ಹೋಗೋದೂ ಬ್ಯಾಂಕಿಗೇ, ಮಿಕ್ಕಿದ್ದು ನಿಮಗೆ. ಮೇಲಿನ ಲೆಕ್ಕದಲ್ಲಿ ಲೋನ್ ಎರಡೂವರೆ ಲಕ್ಷ ಬಾಕಿ ಇದ್ರೆ ಮೊದಲ ದಾರೀಲಿ ನಿಮ್ಮ ಕೈಗೆ 1,49,000. ಲೋನ್ ಐಡಿವಿಗಿಂತ ಜಾಸ್ತಿ ಇದ್ರೆ ಕೈಯಿಂದ ತುಂಬ್ಬೇಕು, ಗಾಡಿ ಇಲ್ಲ ಅಂತ ಇಎಂಐ ನಿಲ್ಲಿಸಿದ್ರೆ ಸಿಬಿಲ್ ಹಾಳಾಗುತ್ತೆ ಅಷ್ಟೇ.

ಲೋನ್ ಮುಗಿದ ಮೇಲೆ ಬ್ಯಾಂಕಿಂದ ಎನ್‌ಒಸಿ (ಆಕ್ಷೇಪಣೆ ಇಲ್ಲ ಅನ್ನೋ ಪತ್ರ) ಮತ್ತು ಆರ್‌ಸಿಯಿಂದ ಬ್ಯಾಂಕ್ ಹೆಸರು ತೆಗೆಸೋಕೆ ಆರ್‌ಟಿಒಗೆ ಕೊಡೋ ಫಾರಂ 35 ಎರಡು ಪ್ರತಿ ತಗೊಳ್ಳಿ, ಬ್ಯಾಂಕ್ ಸೀಲು ಸಹಿ ಸಮೇತ. ಎನ್‌ಒಸಿಯಲ್ಲಿ ಚಾಸಿ ನಂಬರ್ ಅಕ್ಷರ ಅಕ್ಷರ ತಾಳೆ ನೋಡಿ ಅಲ್ಲೇ ತಿದ್ದಿಸಿ. ಇದಕ್ಕೆ ಅವಧಿ ಇರುತ್ತೆ, ಸಾಮಾನ್ಯವಾಗಿ ಮೂರು ತಿಂಗಳು, ತಂದು ಬೀರುವಲ್ಲಿಟ್ರೆ ಮತ್ತೆ ಬ್ಯಾಂಕ್ ಸುತ್ತಬೇಕಾಗುತ್ತೆ. ಲೋನ್ ಯಾವತ್ತೋ ಮುಗಿಸಿದ್ದೀನಿ ಅನ್ನೋರೂ ಒಂದ್ಸಲ ಆರ್‌ಸಿ ಡೀಟೇಲ್ಸ್ ನೋಡಿ, ಲೋನ್ ತೀರಿದ್ರೂ ಎಚ್‌ಪಿ ತೆಗೆಸದೇ ಇರೋರು ಲೆಕ್ಕ ಇಲ್ಲದಷ್ಟು ಇದ್ದಾರೆ.

## ಹಂತ 5: ಬಾಕಿ ದಂಡ, ಟ್ಯಾಕ್ಸ್, ಬ್ಲ್ಯಾಕ್‌ಲಿಸ್ಟ್

ಸ್ಕ್ರ್ಯಾಪ್ ಅರ್ಜಿ ಹಾಕೋವಾಗ ಸಿಸ್ಟಂ ತಾನಾಗೇ ನಾಲ್ಕು ವಿಷಯ ನೋಡುತ್ತೆ: ಲೋನ್ ಇದ್ಯಾ, ಕಳುವು ಅಥವಾ ಕ್ರಿಮಿನಲ್ ದಾಖಲೆ ಇದ್ಯಾ, ಬಾಕಿ ಇದ್ಯಾ, ಆರ್‌ಟಿಒ ಬ್ಲ್ಯಾಕ್‌ಲಿಸ್ಟ್ ಮಾಡಿದ್ಯಾ. ಒಂದಕ್ಕೆ ಹೌದು ಅಂದ್ರೂ ಅರ್ಜಿ ಮುಂದೆ ಹೋಗಲ್ಲ.

ದಂಡ ಎರಡು ಕಡೆ ನೋಡ್ಬೇಕು, ಪರಿವಾಹನ್ ಇ-ಚಲನ್‌ನಲ್ಲಿ ಒಂದ್ಸಲ, ಟ್ರಾಫಿಕ್ ಪೊಲೀಸರ ದಾಖಲೆಯಲ್ಲಿ ಒಂದ್ಸಲ (ಕರ್ನಾಟಕ ಒನ್ ಕೌಂಟರಲ್ಲೂ ಆಗುತ್ತೆ). ಒಂದರಲ್ಲಿ ಸೊನ್ನೆ ತೋರಿಸಿ ಇನ್ನೊಂದರಲ್ಲಿ ಸಿಗ್ನಲ್ ಜಂಪ್, ನೋ ಪಾರ್ಕಿಂಗ್ ಎಲ್ಲ ಉದ್ದಕ್ಕೆ ಕೂತಿರುತ್ತೆ. 2023ರ ಫೆಬ್ರವರಿಯಲ್ಲಿ ಸರ್ಕಾರ ಅರ್ಧಕ್ಕರ್ಧ ರಿಯಾಯಿತಿ ಕೊಟ್ಟಾಗ ಸ್ಟೇಷನ್ ಮುಂದೆ ಸಾಲು ನೆನಪಿದ್ಯಾ, ಅಂಥದ್ದು ಮತ್ತೆ ಬರಲಿ ಅಂತ ಕಾಯೋದಾದ್ರೆ ಗ್ಯಾರೇಜ್ ಬಾಡಿಗೆನೇ ದಂಡಕ್ಕಿಂತ ಜಾಸ್ತಿ ಆಗುತ್ತೆ. ಕಟ್ಟಿ ಮುಗಿಸಿ, ರಸೀದಿ ಇಟ್ಕೊಳ್ಳಿ, ಡೇಟಾ ಅಪ್‌ಡೇಟ್ ಆಗೋಕೆ ಒಂದೆರಡು ದಿನ ಬಿಟ್ಟು ಮತ್ತೆ ನೋಡಿ.

## ಹಂತ 6: ಸ್ಕ್ರ್ಯಾಪ್ ಕೇಂದ್ರಕ್ಕೆ ಗಾಡಿ ಕೊಡೋದು

ಇನ್ಶೂರೆನ್ಸ್ ಕಂಪನಿ ಗಾಡಿ ತಗೊಂಡಿದ್ರೆ ಈ ಹಂತ ನಿಮ್ಮದಲ್ಲ, ಕೆಳಗೆ ಹಂತ 7 ಮಾತ್ರ. ಗಾಡಿ ನಿಮ್ಮ ಹತ್ರಾನೇ ಇದ್ರೆ ಕೊಡ್ಬೇಕಾದ್ದು ಸರ್ಕಾರದಲ್ಲಿ ನೋಂದಣಿ ಆಗಿರೋ ಸ್ಕ್ರ್ಯಾಪ್ ಕೇಂದ್ರಕ್ಕೆ, ಅಂದ್ರೆ ಆರ್‌ವಿಎಸ್‌ಎಫ್. ಇವುಗಳ ನಿಯಮ ಬಂದಿದ್ದು 2021ರ ಸೆಪ್ಟೆಂಬರಲ್ಲಿ. ಬೆಂಗಳೂರಿನ ಶಿವಾಜಿನಗರದ ಕಡೆ ಗುಜರಿಗೆ ಕೊಡೋದು ಹಳೇ ಅಭ್ಯಾಸ, ಆದ್ರೆ 2025ರ ಏಪ್ರಿಲ್ 1ರಿಂದ ಜಾರಿಯಾಗಿರೋ ಆಯಸ್ಸು ಮುಗಿದ ವಾಹನಗಳ ನಿಯಮದಲ್ಲಿ, ಅಂಥ ಗಾಡಿಯನ್ನ 180 ದಿನದೊಳಗೆ ನೋಂದಾಯಿತ ಕೇಂದ್ರಕ್ಕೋ ಅಧಿಕೃತ ಕಲೆಕ್ಷನ್ ಸೆಂಟರಿಗೋ ಒಪ್ಪಿಸೋ ಜವಾಬ್ದಾರಿ ಓನರ್ ಮೇಲೇ ಇದೆ.

1. ಪರಿವಾಹನ್‌ನ ವಾಹನ ಸ್ಕ್ರ್ಯಾಪ್ ಪೋರ್ಟಲಲ್ಲಿ ಕೇಂದ್ರಗಳ ಪಟ್ಟಿ ಇದೆ. ಅದರಲ್ಲಿ ಹೆಸರು ಇದ್ಯಾ ನೋಡಿ, ಬೋರ್ಡ್ ಮೇಲೆ ಗವರ್ನಮೆಂಟ್ ಅಪ್ರೂವ್ಡ್ ಅಂತ ಬರೆದಿದ್ರೆ ಸಾಲದು. ಗಾಡಿ ಮಂಗಳೂರಿಂದು, ಕೇಂದ್ರ ಬೆಂಗಳೂರಲ್ಲಿ ಅಂದ್ರೂ ಪರವಾಗಿಲ್ಲ, ಯಾವ ಆರ್‌ಟಿಒದ ಗಾಡಿಯಾದ್ರೂ ತಗೊಳ್ಳಬಹುದು.

2. ಎರಡು ಮೂರು ಕಡೆ ಫೋಟೋ ಕಳಿಸಿ ರೇಟ್ ಕೇಳಿ. ಟೋಯಿಂಗ್ ಯಾರದ್ದು, ಬ್ಯಾಟರಿ ಟೈರ್ ಇಲ್ಲದಿದ್ರೆ ಎಷ್ಟು ಕಡಿಮೆ ಅಂತ ವಾಟ್ಸಾಪಲ್ಲೇ ಬರೆಸ್ಕೊಳ್ಳಿ. ಸರ್ಕಾರದ ಸ್ಕ್ರ್ಯಾಪ್ ನೀತಿ ಬಂದಾಗ ಹೊಸ ಗಾಡಿಯ ಎಕ್ಸ್-ಶೋರೂಂ ಬೆಲೆಯ 4ರಿಂದ 6 ಪರ್ಸೆಂಟ್ ಅಂತ ಹೇಳಿದ್ರು, ಜಜ್ಜಿದ ಗಾಡಿಗೆ ಅಷ್ಟು ಸಿಗುತ್ತೆ ಅಂತ ಲೆಕ್ಕ ಹಾಕ್ಕೊಂಡು ಕೂರ್ಬೇಡಿ, ಕೊನೇಗೆ ಕಬ್ಬಿಣದ ತೂಕವೇ ರೇಟು.

3. ಅರ್ಜಿ ಡಿಜಿಟಲ್. ನೀವೇ ಹಾಕಬಹುದು, ಬರದಿದ್ರೆ ಕೇಂದ್ರದವರು ನಿಮ್ಮ ಪರವಾಗಿ ಹಾಕ್ತಾರೆ, ಒಟಿಪಿ ಮಾತ್ರ ನಿಮ್ಮ ಮೊಬೈಲಿಗೆ.

4. ಗಾಡಿ ಹೋಗೋ ಮುಂಚೆ ಖಾಲಿ ಮಾಡಿ. ಡ್ಯಾಶ್‌ಬೋರ್ಡ್ ಡ್ರಾಯರ್, ಸೀಟ್ ಕೆಳಗೆ, ಡ್ಯಾಶ್‌ಕ್ಯಾಮಿನ ಮೆಮೊರಿ ಕಾರ್ಡ್, ಅಪಾರ್ಟ್‌ಮೆಂಟ್ ಗೇಟಿನ ಸ್ಟಿಕರ್, ಗಾಜಿನ ಮೇಲಿನ ಫಾಸ್ಟ್‌ಟ್ಯಾಗ್. ಸಿಎನ್‌ಜಿ ಸಿಲಿಂಡರ್ ಇದ್ರೆ ಮೊದಲೇ ಹೇಳಿ, ಏರ್‌ಬ್ಯಾಗ್ ಬಿಚ್ಚಿಕೊಂಡಿಲ್ಲ ಅಂದ್ರೆ ಅದನ್ನೂ ಹೇಳಿ, ಇವೆರಡೂ ಕತ್ತರಿಸೋರಿಗೆ ಅಪಾಯ.

5. ಗಾಡಿ ಒಪ್ಪಿಸಿದಾಗ ಸಿಗೋದು ಸರ್ಟಿಫಿಕೇಟ್ ಆಫ್ ಡಿಪಾಸಿಟ್. ಬಿಚ್ಚಿ ಮುಗಿದ ಮೇಲೆ ಬರೋದು ಸರ್ಟಿಫಿಕೇಟ್ ಆಫ್ ವೆಹಿಕಲ್ ಸ್ಕ್ರ್ಯಾಪಿಂಗ್. ಎರಡೂ ಬೇರೆ ಬೇರೆ, ಎರಡೂ ಬೇಕು. ಡಿಪಾಸಿಟ್ ಸರ್ಟಿಫಿಕೇಟ್ ತೋರಿಸಿದ್ರೆ ಹೊಸ ಗಾಡಿ ರಿಜಿಸ್ಟ್ರೇಶನ್ ಫೀ ಮನ್ನಾ, ಖಾಸಗಿ ಗಾಡಿಗೆ ರೋಡ್ ಟ್ಯಾಕ್ಸಲ್ಲಿ 25 ಪರ್ಸೆಂಟ್ ತನಕ ರಿಯಾಯಿತಿಗೆ ಕೇಂದ್ರದ ನಿಯಮದಲ್ಲಿ ಅವಕಾಶ ಇದೆ, ನಿಮಗೆ ಎಷ್ಟು ಸಿಗುತ್ತೆ ಅಂತ ಹೊಸ ಗಾಡಿ ಬುಕ್ ಮಾಡೋ ಮುಂಚೆ ಡೀಲರ್ ಹತ್ರ ಖಚಿತ ಮಾಡ್ಕೊಳ್ಳಿ. ನೀವು ಸದ್ಯಕ್ಕೆ ಗಾಡಿ ತಗೊಳ್ಳಲ್ಲ ಅಂದ್ರೆ ಈ ಸರ್ಟಿಫಿಕೇಟನ್ನ ಬೇರೆಯವರಿಗೆ ಮಾರಲೂಬಹುದು, ಆದ್ರೆ ಅದರ ಮೇಲೆ ಬರೆದಿರೋ ಅವಧಿಯೊಳಗೆ.

ಚಾಸಿ ನಂಬರ್ ಇರೋ ತುಂಡನ್ನ ಕೇಂದ್ರದವರು ಕತ್ತರಿಸಿ ಆರು ತಿಂಗಳು ಜೋಪಾನ ಮಾಡಿಡ್ಬೇಕು ಅಂತ ನಿಯಮ. ಅದರ ಫೋಟೋ ಒಂದು ಕೇಳಿ ಇಟ್ಕೊಳ್ಳಿ.

## ಇವು ಕಂಡ್ರೆ ಅಲ್ಲೇ ನಿಲ್ಸಿ

ಗಾಡಿ ನೋಡೋಕೆ ಬಂದವನು "ಸಾರ್, ಆರ್‌ಸಿ ಜೊತೇಲಿ ಕೊಟ್ರೆ ಇನ್ನೊಂದು ಮೂವತ್ತು ಸಾವಿರ ಜಾಸ್ತಿ ಹಾಕ್ತೀನಿ, ಕ್ಯಾನ್ಸಲ್ ಎಲ್ಲ ಯಾಕೆ ತಲೆನೋವು" ಅಂತಾನೆ. ಗುಜರಿ ಗಾಡಿಗೆ ಆರ್‌ಸಿ ಯಾಕೆ ಬೇಕು ಅಂತ ಒಂದು ನಿಮಿಷ ಯೋಚ್ನೆ ಮಾಡಿ. ಎಲ್ಲೋ ಕದ್ದ ಅದೇ ಮಾಡೆಲ್, ಅದೇ ಬಣ್ಣದ ಕಾರಿಗೆ ನಿಮ್ಮ ಚಾಸಿ ನಂಬರಿನ ತುಂಡು ಬೆಸುಗೆ ಹಾಕಿ, ನಿಮ್ಮ ನಂಬರ್ ಪ್ಲೇಟ್ ಹಾಕಿ ಓಡಿಸೋಕೆ. ಆ ಕಾರು ಯಾರಿಗಾದ್ರೂ ಗುದ್ದಿದ್ರೆ ನೋಟಿಸ್ ಬರೋದು ನಿಮ್ಮ ಮನೆಗೆ. ಗಾಡಿ ಮಾರಿಬಿಟ್ಟಿದ್ರೂ ದಾಖಲೆಯಲ್ಲಿ ಯಾರ ಹೆಸರಿದ್ಯೋ ಅವರೇ ಪರಿಹಾರಕ್ಕೆ ಜವಾಬ್ದಾರಿ ಅಂತ 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಒಂದು ತೀರ್ಪಲ್ಲಿ ಸ್ಪಷ್ಟವಾಗಿ ಹೇಳಿದೆ. ಮೂವತ್ತು ಸಾವಿರದ ಆಸೆಗೆ ಲಕ್ಷಗಟ್ಟಲೆ ಹೊಣೆ.

ಗಾಡಿಯನ್ನ ಬೇರೆಯವರ ಹೆಸರಿಗೆ ಮಾಡಿಸೋ ಫಾರಂ 29, 30ಕ್ಕೆ ಖಾಲಿ ಇದ್ದಾಗಲೇ ಸಹಿ ಕೇಳಿದ್ರೆ ಅಲ್ಲೂ ಜಾಗ್ರತೆ. ಇನ್ಶೂರೆನ್ಸ್ ಮೂಲಕ ಸಾಲ್ವೇಜ್ ತಗೊಳ್ಳೋರೂ ಇದನ್ನ ಮಾಮೂಲಿ ಅನ್ನೋ ಥರ ಮುಂದೆ ಇಡ್ತಾರೆ. ಕೊಡಲೇಬೇಕಾಗಿ ಬಂದ್ರೆ ತಗೊಳ್ಳೋರ ಹೆಸರು, ವಿಳಾಸ, ದಿನಾಂಕ ನಿಮ್ಮ ಕೈಯಲ್ಲೇ ತುಂಬಿಸಿ ಫೋಟೋ ತೆಗೆದು ಆಮೇಲೆ ಸಹಿ. ಆಧಾರ್ ಜೆರಾಕ್ಸ್ ಮೇಲೆ ಇಂಥ ಗಾಡಿಯ ವಿಲೇವಾರಿಗೆ ಮಾತ್ರ ಅಂತ ಅಡ್ಡಗೆರೆ ಹಾಕಿ ಬರೀರಿ. ಪೂರ್ತಿ ಕ್ಯಾಶ್ ಕೊಡ್ತೀನಿ ಬಿಲ್ ಬೇಡ ಅನ್ನೋನು, ನಂಬರ್ ಪ್ಲೇಟ್ ಬಿಚ್ಬೇಡಿ ಹಾಗೇ ಇರಲಿ ಅನ್ನೋನು, ಆರ್‌ಸಿ ರದ್ದು ನಾನೇ ಮಾಡಿಸ್ತೀನಿ ನೀವು ಬರೋದೇ ಬೇಡ ಅನ್ನೋನು, ಮೂವರನ್ನೂ ದೂರ ಇಡಿ.

## ಹಂತ 7: ಆರ್‌ಟಿಒದಲ್ಲಿ ಆರ್‌ಸಿ ರದ್ದು

ಮೋಟಾರು ವಾಹನ ಕಾಯ್ದೆ 1988ರ ಸೆಕ್ಷನ್ 55ರ ಪ್ರಕಾರ ಗಾಡಿ ನಾಶ ಆದ್ರೆ ಅಥವಾ ಇನ್ಯಾವತ್ತೂ ಓಡದ ಸ್ಥಿತಿಗೆ ಬಂದ್ರೆ 14 ದಿನದೊಳಗೆ, ಇಲ್ಲವೇ ಆದಷ್ಟು ಬೇಗ, ಓನರ್ ತಾನು ವಾಸ ಇರೋ ಕಡೆಯ ಆರ್‌ಟಿಒಗೆ ತಿಳಿಸಿ ಆರ್‌ಸಿ ಒಪ್ಪಿಸ್ಬೇಕು. ಕ್ಲೈಮ್, ಕೋರ್ಟ್ ಎಲ್ಲ 14 ದಿನದಲ್ಲಿ ಎಲ್ಲಿ ಮುಗಿಯುತ್ತೆ ಅಂತೀರಾ, ನಿಜ. ಅದಕ್ಕೆ ಆಕ್ಸಿಡೆಂಟ್ ಆದ ಮೊದಲ ವಾರದಲ್ಲೇ ಬಿಳಿ ಹಾಳೆಯಲ್ಲಿ ಒಂದು ಪತ್ರ ಬರೆದು, ಗಾಡಿ ಹೀಗಾಗಿದೆ, ಇನ್ಶೂರೆನ್ಸ್ ಕ್ಲೈಮ್ ನಡೀತಿದೆ, ಮುಗಿದ ತಕ್ಷಣ ಒರಿಜಿನಲ್ ಆರ್‌ಸಿ ಒಪ್ಪಿಸ್ತೀನಿ ಅಂತ ಸ್ಪೀಡ್ ಪೋಸ್ಟಲ್ಲಿ ಕಳಿಸಿ ರಸೀದಿ ಇಟ್ಕೊಳ್ಳಿ. ತಡ ಯಾಕಾಯ್ತು ಅಂತ ಕೇಳಿದ್ರೆ ಉತ್ತರ ಇರುತ್ತೆ.

ನೋಂದಾಯಿತ ಕೇಂದ್ರದಲ್ಲಿ ಸ್ಕ್ರ್ಯಾಪ್ ಆಗಿದ್ರೆ ಮಾಹಿತಿ ವಾಹನ್‌ಗೆ ಹೋಗಿರುತ್ತೆ, ಆದ್ರೂ ಸ್ಟೇಟಸ್ ಬದಲಾಗಿದ್ಯಾ ನೋಡೋದು ನಿಮ್ಮ ಕೆಲಸ. ಇಲ್ಲಾಂದ್ರೆ ಪೋರ್ಟಲಲ್ಲಿ ಆರ್‌ಸಿ ಕ್ಯಾನ್ಸಲೇಶನ್ ಅನ್ನೋ ಸೇವೆ ಆರಿಸಿ ಅರ್ಜಿ ಹಾಕಿ. ಪಕ್ಕದಲ್ಲೇ ಆರ್‌ಸಿ ಸರೆಂಡರ್ ಅಂತ ಇನ್ನೊಂದು ಇರುತ್ತೆ, ಅದು ಗಾಡಿ ತಾತ್ಕಾಲಿಕವಾಗಿ ಓಡಿಸಲ್ಲ ಅಂತ ಆರ್‌ಸಿ ಒಪ್ಪಿಸಿ ಮುಂದೆ ವಾಪಸ್ ತಗೊಳ್ಳೋದಕ್ಕೆ. ಅದನ್ನ ಒತ್ತಿ ರದ್ದಾಯ್ತು ಅಂತ ನೆಮ್ಮದಿಯಾಗಿರೋರಿಗೆ ಗಾಡಿ ಇನ್ನೂ ತಮ್ಮ ಹೆಸರಲ್ಲೇ ಇದೆ ಅಂತ ಗೊತ್ತಿರಲ್ಲ.

ಪ್ರಿಂಟ್ ತಗೊಂಡು ಗಾಡಿ ಮೊದಲು ರಿಜಿಸ್ಟರ್ ಆದ ಆರ್‌ಟಿಒಗೇ ಹೋಗಿ. ಕಾನೂನಲ್ಲಿ ನೀವಿರೋ ಊರಿನ ಆರ್‌ಟಿಒಗೆ ಕೊಟ್ರೆ ಅವರೇ ಮೂಲ ಕಚೇರಿಗೆ ಕಳಿಸ್ಬೇಕು ಅಂತಿದೆ, ಆದ್ರೆ ಬೆಂಗಳೂರಿನ ಜಯನಗರದಲ್ಲಿ ಕೊಟ್ಟ ಫೈಲು ಹುಬ್ಬಳ್ಳಿ ತಲುಪೋದನ್ನ ಕಾಯೋದಕ್ಕಿಂತ ರಾತ್ರಿ ಬಸ್ ಹತ್ತೋದೇ ವಾಸಿ. ಜೊತೆಗೆ ಒರಿಜಿನಲ್ ಆರ್‌ಸಿ, ಚಾಸಿ ಪ್ರಿಂಟ್, ಸ್ಕ್ರ್ಯಾಪ್ ಸರ್ಟಿಫಿಕೇಟ್ ಅಥವಾ ಇನ್ಶೂರೆನ್ಸ್ ಟೋಟಲ್ ಲಾಸ್ ಪತ್ರ, ಫಾರಂ 35 ಮತ್ತು ಎನ್‌ಒಸಿ, ಎಫ್‌ಐಆರ್ ಇದ್ರೆ ಕೋರ್ಟ್ ಆರ್ಡರ್, ದಂಡದ ರಸೀದಿ, ಗಾಡಿ ಫೋಟೋ. ಕತ್ತರಿಸಿದ ಚಾಸಿ ತುಂಡು ತನ್ನಿ ಅನ್ನೋ ಕಚೇರಿಗಳೂ ಇವೆ, ಕತ್ತರಿಸೋ ಮುಂಚೆ ಇನ್‌ಸ್ಪೆಕ್ಟರ್ ನೋಡ್ಬೇಕು ಅನ್ನೋರೂ ಇದ್ದಾರೆ. ಹಾಗಾಗಿ ಕತ್ತರಿಸೋಕೆ ಮುಂಚೆ ಹೋಗಿ ಕೇಳಿ, ಕತ್ತರಿಸಿದ ಮೇಲೆ ಅಂಟಿಸೋಕೆ ಬರಲ್ಲ. ಅರ್ಜಿ ಕೊಟ್ಟಾಗ ಸ್ವೀಕೃತಿ ಇಲ್ಲದೆ ಒರಿಜಿನಲ್ ಆರ್‌ಸಿ ಕೈಬಿಡ್ಬೇಡಿ.

ಓನರ್ ತೀರಿಕೊಂಡಿದ್ರೆ ವಾರಸುದಾರರು ಮೊದಲು ಡೆತ್ ಸರ್ಟಿಫಿಕೇಟ್, ನಾಡಕಚೇರಿಯ ವಂಶವೃಕ್ಷ, ಉಳಿದವರ ಒಪ್ಪಿಗೆ ಪತ್ರ ಸೇರಿಸಿ ಫಾರಂ 31ರಲ್ಲಿ ಹೆಸರು ಬದಲಾಯಿಸ್ಕೊಳ್ಬೇಕಾಗುತ್ತೆ, ಆಮೇಲೆ ರದ್ದು. ಆ ಆಕ್ಸಿಡೆಂಟಲ್ಲೇ ಓನರ್ ಗಾಡಿ ಓಡಿಸ್ತಾ ತೀರಿಕೊಂಡಿದ್ರೆ ಪಾಲಿಸಿಯಲ್ಲಿ 15 ಲಕ್ಷದ ಪರ್ಸನಲ್ ಆಕ್ಸಿಡೆಂಟ್ ಕವರ್ ಇದ್ಯಾ ನೋಡಿ, ದುಃಖದಲ್ಲಿ ಇದನ್ನ ಕ್ಲೈಮ್ ಮಾಡೋದೇ ಮರೆತುಬಿಡ್ತಾರೆ. ಓನರ್ ವಿದೇಶದಲ್ಲಿದ್ರೆ ಅಲ್ಲಿನ ಭಾರತೀಯ ಕಾನ್ಸುಲೇಟಲ್ಲಿ ಈ ಗಾಡಿಯ ನಂಬರ್ ಹೆಸರಿಸಿ ಪವರ್ ಆಫ್ ಅಟಾರ್ನಿ ಮಾಡಿಸಿ ಕಳಿಸ್ಲಿ, ಇಲ್ಲಿಗೆ ಬಂದ ಮೂರು ತಿಂಗಳೊಳಗೆ ಸ್ಟಾಂಪ್ ಡ್ಯೂಟಿ ಕಟ್ಟಿಸ್ಬೇಕು.

## ಹಂತ 8: ರದ್ದಾದ ಮೇಲೆ ಬರ್ಬೇಕಾದ ದುಡ್ಡು

ಎಂಪರಿವಾಹನ್ ಆ್ಯಪಲ್ಲಿ ಗಾಡಿ ನಂಬರ್ ಹಾಕಿ ಸ್ಟೇಟಸ್ ನೋಡಿ. ಆ್ಯಕ್ಟಿವ್ ಅಂತಾನೇ ತೋರಿಸ್ತಿದ್ರೆ ಕೆಲಸ ಮುಗಿದಿಲ್ಲ, ಕೈಯಲ್ಲಿ ಯಾವ ಪೇಪರ್ ಇದ್ರೂ. ಬದಲಾದ ಮೇಲೆ ಸ್ಕ್ರೀನ್‌ಶಾಟ್ ತೆಗೆದಿಡಿ, ರದ್ದತಿ ಪತ್ರ ಬರಹದಲ್ಲೇ ಕೇಳಿ ತಗೊಳ್ಳಿ.

ಲೈಫ್‌ಟೈಮ್ ಟ್ಯಾಕ್ಸ್ ಕಟ್ಟಿರೋ ಗಾಡಿ ರಿಜಿಸ್ಟ್ರೇಶನ್ ರದ್ದಾದ್ರೆ ಕರ್ನಾಟಕದಲ್ಲಿ ಗಾಡಿಯ ವಯಸ್ಸಿನ ಮೇಲೆ ಒಂದು ಭಾಗ ವಾಪಸ್ ಬರುತ್ತೆ, ಅರ್ಜಿ ಹಾಕಿದವರಿಗೆ ಮಾತ್ರ. ಗಾಡಿ ಎಷ್ಟು ಹೊಸದೋ ಅಷ್ಟು ಜಾಸ್ತಿ, ಎರಡು ಮೂರು ವರ್ಷದ ಕಾರಾದ್ರೆ ಇದು ಸಣ್ಣ ಮೊತ್ತ ಅಲ್ಲ, ಆದ್ರೂ ಏಜೆಂಟ್‌ಗಳು ಇದರ ಸುದ್ದಿನೇ ಎತ್ತಲ್ಲ. ಟ್ಯಾಕ್ಸ್ ಕಟ್ಟಿದ ರಸೀದಿ ಸಿಗದಿದ್ರೆ ಆರ್‌ಟಿಒ ದಾಖಲೆಯಿಂದ ತೆಗೆಸ್ಬೇಕಾಗುತ್ತೆ.

ಫಾಸ್ಟ್‌ಟ್ಯಾಗನ್ನ ಕೊಟ್ಟ ಬ್ಯಾಂಕಿನ ಆ್ಯಪಲ್ಲೇ ಕ್ಲೋಸ್ ಮಾಡಿ, ಬ್ಯಾಲೆನ್ಸ್ ಮತ್ತು ಸೆಕ್ಯೂರಿಟಿ ಡಿಪಾಸಿಟ್ ವಾಪಸ್ ಬರುತ್ತೆ. ಹರಿದು ಬಿಸಾಕಿದ್ರೆ ಕ್ಲೋಸ್ ಆಗಲ್ಲ.

ಕ್ಲೈಮ್ ಮಾಡದೆ ಸ್ಕ್ರ್ಯಾಪ್ ಮಾಡಿಸಿದ್ರೆ ಇನ್ಶೂರೆನ್ಸ್ ಕಂಪನಿಗೆ ರದ್ದತಿ ಪತ್ರ ಕಳಿಸಿ ಉಳಿದ ಅವಧಿಯ ಪ್ರೀಮಿಯಂ ವಾಪಸ್ ಕೇಳಿ. ಅದೇ ಮೇಲಲ್ಲಿ ಎನ್‌ಸಿಬಿ ಲೆಟರ್ ಕೂಡ ಕೇಳಿ, ನಿಮಗೆ 50 ಪರ್ಸೆಂಟ್ ತನಕ ನೋ ಕ್ಲೈಮ್ ಬೋನಸ್ ಸೇರಿದ್ರೆ ಅದು ಗಾಡಿದಲ್ಲ, ನಿಮ್ಮದು, ಮೂರು ವರ್ಷದೊಳಗೆ ತಗೊಳ್ಳೋ ಹೊಸ ಕಾರಿಗೆ ಹಾಕಿಸ್ಕೊಳ್ಳಬಹುದು. ಟೋಟಲ್ ಲಾಸ್ ಕ್ಲೈಮ್ ತಗೊಂಡಿದ್ರೆ ಎನ್‌ಸಿಬಿ ಸೊನ್ನೆ, ಹೊಸ ಕಾರಿನ ಪಾಲಿಸಿ ಮಾಡಿಸೋವಾಗ ಏಜೆಂಟ್ ಹಳೇ ಎನ್‌ಸಿಬಿ ಹಾಕ್ತೀನಿ ಬಿಡಿ ಅಂದ್ರೂ ಬೇಡ ಅನ್ನಿ, ಮುಂದಿನ ಕ್ಲೈಮಲ್ಲಿ ಅದೇ ಕಾರಣಕ್ಕೆ ತಕರಾರು ಮಾಡ್ತಾರೆ.